ನಿಧಾನದ ಊರಿನ ಗಡಿಯಾರ

ಮಕ್ಕಳೇ, ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಮೈಸೂರು ಮೈನ್ಸ್ ಕಡೆ ಬಿಸಿಲು ಹೇಗಿರುತ್ತದೆಂದು ಬಂಗಾರಪೇಟೆಯವರಿಗೆ, ಕೋಲಾರದವರಿಗೆ ನಾನು ಹೇಳಬೇಕಾಗಿಲ್ಲ. ಸೈನೈಡ್ ದಿಬ್ಬದ ಮೇಲಿಂದ ಗಾಳಿ ಎದ್ದರೆ ಕಿಟಕಿ ತೆರೆಯುವಂತಿಲ್ಲ, ಸೆಕೆಗೆ ಮುಚ್ಚುವಂತೆಯೂ ಇಲ್ಲ. ಅಂಥ ದಿನಗಳಲ್ಲಿ ಮಕ್ಕಳಿಗೆ ಟೀವಿಯೇ ಗತಿ. ವೆಸ್ಟ್ ಇಂಡೀಸ್‌ನಲ್ಲಿ ಕ್ರಿಕೆಟ್ ನಡೆಯುತ್ತಿದ್ದರಂತೂ ಆಟಕ್ಕಿಂತ ನಡುನಡುವೆ ತೋರಿಸುವ ಕಡಲತೀರವೇ ಚೆನ್ನಾಗಿರುತ್ತದೆ. ತೆಂಗಿನ ಮರ, ನೀಲಿ ನೀರು, ಮರಳಿನ ಮೇಲೆ ಮಲಗಿದ ದೋಣಿ, ನೆರಳಲ್ಲಿ ಕುಳಿತ ನಾಲ್ಕು ಜನ. ಯಾರಿಗೂ ಅವಸರವಿಲ್ಲ. ಏಳನೆಯ ತರಗತಿಯ ನನ್ನ ಮೊಮ್ಮಗಳು ಕೇಳಿದಳು: “ತಾತ, ಆ ಊರಿನವರು ಕೆಲಸವೇ ಮಾಡುವುದಿಲ್ಲವಾ?”

ಈ ಪ್ರಶ್ನೆ ನಿಮಗೂ ಬಂದಿರಬಹುದು. ಕಡಲ ದಂಡೆಯ ಹಳ್ಳಿ ಎಂದರೆ ‘ಆರಾಮದ ಊರು’, ‘ನಿಧಾನದ ಊರು’ ಎಂದು ಪ್ರವಾಸದ ಪುಸ್ತಕಗಳು ಬರೆಯುತ್ತವೆ. ಕೆರಿಬಿಯನ್ ದ್ವೀಪಗಳಿಗೆ ಹೋಗಿ ನೋಡಿಬರಲು ನನ್ನ ಪಿಂಚಣಿ ಸಾಲದು. ಆದರೆ ಅಂಥದೇ ಹೆಸರು ಹೊತ್ತ ಊರು ನಮ್ಮ ಕರ್ನಾಟಕದಲ್ಲೇ ಇದೆಯಲ್ಲ! ಉತ್ತರ ಕನ್ನಡ ಜಿಲ್ಲೆಯ ಗೋಕರ್ಣ. ದೇಶವಿದೇಶಗಳಿಂದ ಜನ ಅಲ್ಲಿಗೆ ಬಂದು ವಾರಗಟ್ಟಲೆ ಸುಮ್ಮನೆ ಕುಳಿತು ಹೋಗುತ್ತಾರೆ. ಹೋದ ವರ್ಷ ಏಪ್ರಿಲ್ ರಜೆಯಲ್ಲಿ ನಾವೂ ಮೂರು ದಿನ ಹೋಗಿಬಂದೆವು. ಮೊಮ್ಮಗಳ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರವೇ ಈ ವಾರದ ಕಂತು.

ಮೊದಲು ನಮ್ಮ ಊರಿನ ಗಡಿಯಾರದ ವಿಷಯ ಹೇಳಬೇಕು. ನಾನು ಚಿಕ್ಕವನಾಗಿದ್ದಾಗ ಗಣಿ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಗಡಿಯಾರ ಇರಲಿಲ್ಲ, ಅದು ಬೇಕೂ ಇರಲಿಲ್ಲ. ಗಣಿಯ ಸೈರನ್ ಊದಿದರೆ ಪಾಳಿ ಬದಲಾಯಿತೆಂದು ಅರ್ಥ. ಆ ಕೂಗಿಗೆ ಒಲೆ ಹೊತ್ತುತ್ತಿತ್ತು, ಬುತ್ತಿ ಕಟ್ಟುತ್ತಿದ್ದರು, ಮಕ್ಕಳು ಶಾಲೆಗೆ ಓಡುತ್ತಿದ್ದವು. ಹೊತ್ತಲ್ಲದ ಹೊತ್ತಿನಲ್ಲಿ ಊದಿದರೆ ಮಾತ್ರ ಹೆಂಗಸರೆಲ್ಲ ಶಾಫ್ಟ್ ಕಡೆ ಓಡುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದ ಈ ಗಣಿಗಳು 2001ರಲ್ಲಿ ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು ಎನ್ನುತ್ತಾರೆ. ಸೈರನ್ ನಿಂತ ಮೇಲೆ ಬಹಳ ದಿನ ನಮ್ಮೂರಿನ ಹಿರಿಯರಿಗೆ ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಹೊತ್ತಿಗೆ ಉಣ್ಣಬೇಕು ಎಂದೇ ತಿಳಿಯುತ್ತಿರಲಿಲ್ಲ.

ಅಂಥ ಹಿರಿಯರೊಬ್ಬರು ನಮ್ಮ ಲೈನಿನಲ್ಲಿದ್ದಾರೆ. ಅವರ ತಾತ ಆರ್ಕಾಡು ಕಡೆಯಿಂದ ಗಣಿ ಕೆಲಸಕ್ಕೆ ಬಂದವರು. ಇವರು ಚಾಂಪಿಯನ್ ರೀಫ್‌ನ ಆಳದ ಪಾಳಿಗಳಲ್ಲಿ ದುಡಿದವರು. ಮಕ್ಕಳು ಅವರನ್ನು ‘ಗಣಿ ತಾತ’ ಎನ್ನುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಗಣಿಯ ಧೂಳು ಎದೆಯಲ್ಲಿ ಕುಳಿತಿದೆ, ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. “ಅಣ್ಣಾ, ಗೋಕರ್ಣಕ್ಕೆ ಬರುತ್ತೀರಾ?” ಎಂದು ಕೇಳಿದೆ. “ಬ್ಯಾಂಕ್ ಸಾರ್, ನಾನು ಸಮುದ್ರ ನೋಡಿಯೇ ಇಲ್ಲ” ಎಂದರು. ಅವರನ್ನೂ ಅವರ ಮೊಮ್ಮಗನನ್ನೂ ಕರೆದುಕೊಂಡು ಹೊರಟೆವು.

ದಾರಿ ಸುಲಭ. ನಮ್ಮ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೋಗುವ ರೈಲು ದಾರಿ 1894ರದ್ದು. ಅಲ್ಲಿಂದ ಬೆಂಗಳೂರು. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ರಾತ್ರಿಯಿಡೀ ಸಕಲೇಶಪುರ, ಸುಬ್ರಹ್ಮಣ್ಯದ ಘಟ್ಟ ಇಳಿದು ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಸುತ್ತದೆ. ನಿಲ್ದಾಣದಿಂದ ಊರು ಸುಮಾರು 10 ಕಿಲೋಮೀಟರ್. ಆಟೋಗಳು ಸಿಗುತ್ತವೆ.

ಗೋಕರ್ಣ ಸಣ್ಣ ಊರು. ಮಹಾಬಲೇಶ್ವರ ದೇವಸ್ಥಾನದಿಂದ ರಥಬೀದಿ, ಕೋಟಿತೀರ್ಥದ ಕೆರೆ, ಇಕ್ಕೆಲದಲ್ಲಿ ಕೆಂಪು ಹೆಂಚಿನ ಹಳೆಯ ಮನೆಗಳು. ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹೋದರೆ ಕಡಲು. ಬೆಳಗಿನ ಹೊತ್ತು ಬೀದಿ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ಕೊರಳ ತುಂಬ ಮಣಿಸರ ಹಾಕಿಕೊಂಡು ಸೊಪ್ಪು, ಬದನೆ, ಹೂವು ಮಾರುತ್ತಿರುತ್ತಾರೆ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಪಕ್ಕದ ಅಂಕೋಲಾ ತಾಲ್ಲೂಕಿನ ಇದೇ ಸಮುದಾಯದವರು. ಒಬ್ಬರು ಹಾಡು ಉಳಿಸಿದವರು, ಇನ್ನೊಬ್ಬರು ಕಾಡು ಬೆಳೆಸಿದವರು.

ಈ ಊರಿನ ಕಥೆ ನಿಮಗೆ ಗೊತ್ತೇ ಇದೆ. ರಾವಣ ಆತ್ಮಲಿಂಗ ತರುತ್ತಿದ್ದ. ಅದನ್ನು ನೆಲಕ್ಕೆ ಇಡುವಂತಿರಲಿಲ್ಲ. ಸಂಧ್ಯಾವಂದನೆಯ ಹೊತ್ತಾಯಿತು. ದನ ಕಾಯುವ ಹುಡುಗನ ವೇಷದಲ್ಲಿದ್ದ ಗಣಪತಿಯ ಕೈಗೆ ಕೊಟ್ಟ. “ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಇಟ್ಟುಬಿಡುತ್ತೇನೆ” ಎಂದ ಗಣಪತಿ ಹಾಗೆಯೇ ಮಾಡಿದ. ಲಿಂಗ ಭೂಮಿಗೆ ಅಂಟಿತು. ರಾವಣ ಎಳೆದ ರಭಸಕ್ಕೆ ಅದು ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತು, ಅದಕ್ಕೇ ಗೋಕರ್ಣ. ನಾಲ್ಕನೆಯ ತರಗತಿಯ ನನ್ನ ಮೊಮ್ಮಗ ಇದನ್ನು ಕೇಳಿ, “ಹಾಗಾದರೆ ರಾವಣ ಹೊತ್ತು ತಪ್ಪಿ ಸೋತದ್ದು” ಎಂದ. ವಿಷ್ಣು ಸೂರ್ಯನನ್ನು ಮರೆಮಾಡಿ ರಾವಣನಿಗೆ ಸಂಜೆಯಾಯಿತೆಂಬ ಭ್ರಮೆ ಹುಟ್ಟಿಸಿದ್ದನಲ್ಲ, ಹುಡುಗನ ಮಾತು ಸರಿಯೇ.

ಹೊತ್ತಿನ ಲೆಕ್ಕ ಕಥೆಯಲ್ಲಿ ಮಾತ್ರವಲ್ಲ, ದಂಡೆಯಲ್ಲೂ ನಡೆಯುತ್ತದೆ ಎಂದು ನಮಗೆ ಆಮೇಲೆ ತಿಳಿಯಿತು.

ಊರಿನ ದಂಡೆಯಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ ತೀರ. ಇನ್ನೊಂದು ಗುಡ್ಡದಾಚೆ ಓಂ ಬೀಚ್. ಮೇಲಿಂದ ನೋಡಿದರೆ ಎರಡು ಅರ್ಧಚಂದ್ರ ಕೂಡಿಸಿ ಓಂಕಾರ ಬರೆದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ಎಂಬ ಇನ್ನೂ ಚಿಕ್ಕ ತೀರಗಳಿವೆ. ಅಲ್ಲಿಗೆ ಬಂಡೆಗಳ ನಡುವಿನ ಕಾಲುದಾರಿ, ಇಲ್ಲವೆ ದೋಣಿ. ನಮ್ಮ ವಯಸ್ಸಿನವರಿಗೆ ಊರಿನ ದಂಡೆಯೇ ಸಾಕು.

ಗಣಿ ತಾತ ಮೊದಲ ಬೆಳಿಗ್ಗೆ ನೀರಿನ ಅಂಚಿನಲ್ಲಿ ಪಂಚೆ ಎತ್ತಿಕಟ್ಟಿ ನಿಂತರು. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ನಾವು ಕೇಜಿನಲ್ಲಿ ಇಳೀತಿದ್ವಲ್ಲ, ಅದು ಇದಕ್ಕಿಂತ ಕೆಳಗಾ?” ಎಂದು ಕೇಳಿದರು. ನಾನು ಬ್ಯಾಂಕಿನವನು, ಲೆಕ್ಕ ಕೇಳಿದರೆ ಬಿಡುತ್ತೇನೆಯೇ? ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. 3,200ರಲ್ಲಿ 850 ಕಳೆದರೆ 2,350. ಅಂದರೆ ಆ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ. ಅಲ್ಲಿ ಬಂಡೆಯೇ 60 ಡಿಗ್ರಿಗಿಂತ ಹೆಚ್ಚು ಬಿಸಿ. ಸಮುದ್ರವನ್ನೇ ನೋಡದ ಮನುಷ್ಯ ವರ್ಷಗಟ್ಟಲೆ ಸಮುದ್ರಮಟ್ಟದ ಕೆಳಗೆ ದುಡಿದು ಮೇಲೆ ಬಂದಿದ್ದರು. ಮಕ್ಕಳು ಬೆರಗಾಗಿ ಅವರನ್ನೇ ನೋಡಿದರು. ಅವರು ನಗುತ್ತಾ, “ಅಲ್ಲಿ ಇಷ್ಟು ಗಾಳಿ ಇರಲಿಲ್ಲ” ಎಂದರು.

ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಅವರು ಬೆಳಿಗ್ಗೆ ನಿಂತಿದ್ದ ಜಾಗ ನೀರಿನೊಳಗೆ! ದೋಣಿಗೆ ಬಣ್ಣ ಬಳಿಯುತ್ತಿದ್ದ ಮೀನುಗಾರರೊಬ್ಬರು ಮಕ್ಕಳಿಗೆ ಹೇಳಿದರು: “ಇವತ್ತು ಎಂಟೂವರೆಗೆ ಇಳಿತ. ನಾಳೆ ಒಂಬತ್ತೂ ಇಪ್ಪತ್ತಕ್ಕೆ. ನಾಡಿದ್ದು ಹತ್ತೂ ಹತ್ತಕ್ಕೆ.” ಕೈಯಲ್ಲಿ ವಾಚು ಇರಲಿಲ್ಲ. ಯಾವ ತಿಥಿ ಎಂದು ಗೊತ್ತಿದ್ದರೆ ಸಾಕಂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಮುದ್ರ ಏರುವುದಕ್ಕೆ ಭರತ, ಇಳಿಯುವುದಕ್ಕೆ ಇಳಿತ. ಚಂದ್ರನ ಸೆಳೆತದಿಂದ, ಸ್ವಲ್ಪ ಸೂರ್ಯನ ಸೆಳೆತದಿಂದ ಇದು ಆಗುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ದಿನಕ್ಕೆ ಎರಡು ಭರತ, ಎರಡು ಇಳಿತ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಮತ್ತೆ ಹಿಡಿಯಲು ಭೂಮಿಗೆ ಸುಮಾರು 50 ನಿಮಿಷ ಹೆಚ್ಚು ಬೇಕು. ಅದಕ್ಕೇ ಭರತ, ಇಳಿತ ದಿನಕ್ಕೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ಸೂರ್ಯ, ಚಂದ್ರರ ಸೆಳೆತ ಒಂದೇ ಗೆರೆಗೆ ಬರುವುದರಿಂದ ಏರಿಳಿತ ಜೋರು. ಅಷ್ಟಮಿಯ ಹತ್ತಿರ ಸಾಧು. ಕಾರವಾರ, ಗೋಕರ್ಣದ ಕಡೆ ನೀರು ಏರುವುದು ಹೆಚ್ಚೆಂದರೆ ಎರಡು ಮೀಟರಿನಷ್ಟು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಾದರೆ ಹತ್ತು ಮೀಟರ್, ಅಂದರೆ ಮೂರು ಅಂತಸ್ತಿನ ಮನೆಯಷ್ಟು.

ನಮ್ಮ ಗಣಿಯ ಸೈರನ್ ದಿನವೂ ಒಂದೇ ಹೊತ್ತಿಗೆ ಊದುತ್ತಿತ್ತು. ಗೋಕರ್ಣದ ಗಡಿಯಾರ ದಿನಕ್ಕೆ 50 ನಿಮಿಷ ಜಾರುತ್ತದೆ. ಬೆಳಗಿನ ಜಾವ ಮೂರಕ್ಕೆ ನೀರಿಗಿಳಿದು ದುಡಿದವರು ಮಧ್ಯಾಹ್ನ ತೆಂಗಿನ ನೆರಳಲ್ಲಿ ಮಲಗಿರುತ್ತಾರೆ. ಹತ್ತು ಗಂಟೆಗೆ ಎದ್ದು ಬರುವ ಪ್ರವಾಸಿಗೆ ಮಲಗಿದವರಷ್ಟೇ ಕಾಣುತ್ತಾರೆ. “ಎಂಥ ಆರಾಮದ ಊರು!” ಎಂದು ಫೋಟೋ ತೆಗೆದುಕೊಂಡು ಹೋಗುತ್ತಾನೆ.

ಎರಡನೆಯ ದಿನ ಇದು ಇನ್ನೂ ಚೆನ್ನಾಗಿ ಕಂಡಿತು. ಗೋಕರ್ಣದ ದಕ್ಷಿಣಕ್ಕೆ ತದಡಿ ಎಂಬ ಮೀನುಗಾರಿಕೆಯ ಬಂದರು. ಅಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ತದಡಿಯಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಹಳ್ಳಿಗೆ ದಾಟಬಹುದು. ಮಕ್ಕಳಿಗೆ ಆ ದೋಣಿ ಪ್ರಯಾಣವೇ ದೊಡ್ಡ ಹಬ್ಬ.

ನಾವು ದಾಟುವಾಗ ಇಳಿತದ ಹೊತ್ತು. ನದಿಯ ನಡುವೆಯೇ ಮರಳ ದಿಬ್ಬಗಳು ಎದ್ದಿದ್ದವು. ಹೆಂಗಸರು ಮೊಣಕಾಲಿನ ನೀರಿನಲ್ಲಿ ಸಾಲಾಗಿ ಬಾಗಿ ಕೆಸರಿನಿಂದ ಏನನ್ನೋ ಆರಿಸುತ್ತಿದ್ದರು. ಅದು ಬಳಚು, ತಿನ್ನುವ ಚಿಪ್ಪಿನ ಜೀವಿ. ನಮ್ಮ ಕಡೆ ಕಪ್ಪೆಚಿಪ್ಪು ಎನ್ನುತ್ತೇವಲ್ಲ, ಆ ಜಾತಿಯದು. ನೀರು ಇಳಿದಿರುವ ಎರಡು ಮೂರು ಗಂಟೆಗಳಲ್ಲಿ ಕೆಲಸ ಮುಗಿಯಬೇಕು. ಭರತ ಶುರುವಾದರೆ ದಿಬ್ಬವೇ ಮುಳುಗುತ್ತದೆ. ಕೂಲಿ, ಊಟ, ಮಕ್ಕಳ ಶಾಲೆಯ ಖರ್ಚು ಎಲ್ಲವೂ ಆ ಎರಡು ಮೂರು ಗಂಟೆಯೊಳಗೆ.

ನದಿಯ ಇಕ್ಕೆಲದ ತಗ್ಗು ಭೂಮಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರು ನುಗ್ಗುವ ಆ ಗದ್ದೆಯಲ್ಲಿ ಬೇರೆ ಭತ್ತ ಸಾಯುತ್ತದೆ. ಅಲ್ಲಿನ ರೈತರು ತಲೆತಲಾಂತರದಿಂದ ಕಗ್ಗ ಎಂಬ ಭತ್ತ ಉಳಿಸಿಕೊಂಡಿದ್ದಾರೆ. ಅದು ಉಪ್ಪನ್ನೂ ತಡೆಯುತ್ತದೆ, ನೀರಿನಲ್ಲಿ ಕೆಲವು ದಿನ ಮುಳುಗಿದ್ದರೂ ಬದುಕುತ್ತದೆ. ಮಳೆಗಾಲದ ಸಿಹಿನೀರಿನಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ. ಒಂದೇ ಗದ್ದೆ, ಎರಡು ಬೆಳೆ.

ಅಲ್ಲಿಂದ ಹಿಂದಿರುಗಿ ಸಾಣಿಕಟ್ಟಾಕ್ಕೆ ಹೋದೆವು. ಇಲ್ಲಿಯದು ಬಿಸಿಲಿನ ಕೆಲಸ. ಭರತದ ಹೊತ್ತಿನಲ್ಲಿ ಹಿನ್ನೀರನ್ನು ಕಟ್ಟೆಯೊಳಗೆ ತುಂಬಿಕೊಳ್ಳುತ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋದಂತೆ ನೀರು ಆರಿ ಉಪ್ಪು ಗಟ್ಟಿಯಾಗುತ್ತದೆ. ಕೊನೆಯ ಪಾತಿಯಲ್ಲಿ ಹರಳುಗಟ್ಟುತ್ತದೆ. ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಎಳೆದು ರಾಶಿ ಮಾಡುತ್ತಾರೆ. ಇದಕ್ಕೆ ಉಪ್ಪಿನಾಗರ ಎಂದು ಹೆಸರು. ಈ ಕೆಲಸವನ್ನು ಹಿಂದಿನಿಂದ ಮಾಡಿಕೊಂಡು ಬಂದ ಸಮುದಾಯಕ್ಕೂ ಆಗೇರರು ಎಂದೇ ಹೆಸರು. ಬೇಸಿಗೆ ಪೂರ್ತಿ ಕೆಲಸ, ಮೊದಲ ಮಳೆ ಬಿದ್ದ ದಿನ ಆ ವರ್ಷದ ಉಪ್ಪು ಮುಗಿಯಿತು.

ಮಕ್ಕಳೇ, ಒಂದು ಲೆಕ್ಕ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಒಂದು ಕಿಲೋ ಬೇಕಾದರೆ ಎಷ್ಟು ಲೀಟರ್ ನೀರು ಆರಬೇಕು? 1,000ವನ್ನು 35ರಿಂದ ಭಾಗಿಸಿ. ಸುಮಾರು 29 ಲೀಟರ್, ದೊಡ್ಡ ಬಕೆಟ್ಟಿನಲ್ಲಿ ಎರಡು. ಅದೆಲ್ಲವೂ ಅಡುಗೆಯ ಉಪ್ಪಲ್ಲ, ಬೇರೆ ಲವಣಗಳೂ ಇರುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಈ ಉಪ್ಪಿಗಾಗಿಯೇ 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ದಂಡಿಯಲ್ಲಿ ಕಾನೂನು ಮುರಿದರು. ಅದೇ ತಿಂಗಳು ಕರ್ನಾಟಕದವರು ಸತ್ಯಾಗ್ರಹ ನಡೆಸಿದ್ದು ಇಲ್ಲಿಗೆ ಹತ್ತಿರದ ಅಂಕೋಲಾದ ಕಡಲ ದಂಡೆಯಲ್ಲಿ.

ಆಗರದ ಬದುವಿನ ಮೇಲೆ ಗಣಿ ತಾತ ಬಹಳ ಹೊತ್ತು ನಿಂತರು. ಹಲಗೆ ಎಳೆಯುತ್ತಿದ್ದ ಹೆಂಗಸನ್ನು ಕೇಳಿದರು: “ಕಾಲು ಉರಿಯಲ್ವೇನಮ್ಮಾ?”

ಆಕೆ ನಿಂತು ಹೇಳಿದಳು: “ಉರೀತದೆ ಅಜ್ಜಾ. ಮೊದಲು ಹದಿನೈದು ದಿನ ಉರೀತದೆ. ಆಮೇಲೆ ಕಾಲೇ ಗಟ್ಟಿಯಾಗ್ತದೆ.” ಪಾದ ಎತ್ತಿ ತೋರಿಸಿದಳು. ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು.

ಗಣಿ ತಾತ ತಮ್ಮ ಅಂಗೈ ತೋರಿಸಿದರು. ಡ್ರಿಲ್ ಹಿಡಿದ ಗಂಟುಗಳು ಇಷ್ಟು ವರ್ಷವಾದರೂ ಹೋಗಿಲ್ಲ. ಇಬ್ಬರೂ ನಕ್ಕರು. ಆಟೋದಲ್ಲಿ ಬರುವಾಗ ಅವರು ನನಗೆ ಹೇಳಿದರು: “ನಾವು ಭೂಮಿ ಒಳಗೆ ಇದ್ವಿ, ಯಾರ್ಗೂ ಕಾಣ್ಲಿಲ್ಲ, ಸರಿ. ಇವ್ರು ಬಟ್ಟಬಯಲಲ್ಲಿ ನಿಂತಿದಾರೆ. ಆದ್ರೂ ಯಾರ್ಗೂ ಕಾಣಲ್ಲ ಸಾರ್.”

ಮೊಮ್ಮಗಳು ಟೀವಿಯಲ್ಲಿ ನೋಡಿದ ಕೆರಿಬಿಯನ್‌ನಲ್ಲೂ ಕಥೆ ಇದೇ. ಅಲ್ಲಿನ ಟರ್ಕ್ಸ್ ದ್ವೀಪಗಳಲ್ಲಿ ಹಿಂದೆ ಇಂಥದೇ ಉಪ್ಪಿನ ಪಾತಿಗಳಿದ್ದವು. ಅಲ್ಲಿ ದುಡಿದವರು ಗುಲಾಮರು. ಮೇರಿ ಪ್ರಿನ್ಸ್ ಎಂಬ ಹೆಣ್ಣುಮಗಳು ಹತ್ತಿರ ಹತ್ತಿರ ಹತ್ತು ವರ್ಷ ಆ ಉಪ್ಪುನೀರಿನಲ್ಲಿ ನಿಂತು ಕಾಲೆಲ್ಲ ಹುಣ್ಣಾಗಿ, ಮುಂದೆ ಲಂಡನ್ನಿಗೆ ಬಂದು ತನ್ನ ಕಥೆ ಹೇಳಿದಳು. 1831ರಲ್ಲಿ ಅದು ಪುಸ್ತಕವಾಯಿತು. ಓದಿದವರ ಮನಸ್ಸು ಕಲಕಿತು. ಎರಡೇ ವರ್ಷಕ್ಕೆ, 1833ರಲ್ಲಿ, ಬ್ರಿಟನ್ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದಿತು. ಆಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದಾಗ ಹಡಗು ಹತ್ತಿದವರು ನಮ್ಮ ದೇಶದವರು. 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡ್‌ಗೆ. ಸುನಿಲ್ ನರೈನ್, ಶಿವನಾರಾಯಣ್ ಚಂದ್ರಪಾಲ್ ಎಂಬ ಹೆಸರುಗಳು ವೆಸ್ಟ್ ಇಂಡೀಸ್ ತಂಡದಲ್ಲಿ ಹೇಗೆ ಬಂದವು ಎಂದು ನೀವು ಯೋಚಿಸಿದ್ದರೆ ಉತ್ತರ ಇದೇ. ಚಂದ್ರಪಾಲ್ ಗಯಾನಾದ ಯೂನಿಟಿ ಎಂಬ ಮೀನುಗಾರರ ಹಳ್ಳಿಯ ಹುಡುಗ. ಅದೇ ಶತಮಾನದಲ್ಲಿ ಗಣಿ ತಾತನ ತಾತ ಆರ್ಕಾಡಿನಿಂದ ನಮ್ಮೂರಿಗೆ ಬಂದರು. ಕೆಲವರು ಹಡಗು ಹತ್ತಿದರು, ಕೆಲವರು ಗಣಿಗಿಳಿದರು.

ಮೂರನೆಯ ದಿನ ಮಿರ್ಜಾನ್ ಕೋಟೆ ನೋಡಿದೆವು. ಹೆದ್ದಾರಿಯ ಪಕ್ಕದಲ್ಲೇ, ಕೆಂಪು ಜಂಬಿಟ್ಟಿಗೆಯ ದೊಡ್ಡ ಕೋಟೆ, ಗೋಡೆಯ ಮೇಲೆಲ್ಲ ಪಾಚಿ. 16ನೇ ಶತಮಾನದಲ್ಲಿ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಈ ಮೆಣಸನ್ನು ಹುಡುಕಿಕೊಂಡು ಹೊರಟ ಕೊಲಂಬಸ್ 1492ರಲ್ಲಿ ದಾರಿ ತಪ್ಪಿ ಮುಟ್ಟಿದ್ದು ಕೆರಿಬಿಯನ್ ದ್ವೀಪಗಳನ್ನು. ಅಲ್ಲಿ ಮೆಣಸು ಸಿಗಲಿಲ್ಲ, ಖಾರದ ಒಂದು ಕಾಯಿ ಸಿಕ್ಕಿತು. ಪೋರ್ಚುಗೀಸರು ಅಮೆರಿಕಾ ಖಂಡದ ಆ ಕಾಯಿಯನ್ನು ನಮ್ಮ ಕರಾವಳಿಗೆ ತಂದರು. ಮೆಣಸಿನ ಹಾಗೆ ಖಾರವಿದ್ದ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದೇ ಹೆಸರಿಟ್ಟರು. ನಮ್ಮ ಕೋಲಾರದ ಬಸ್ಸಾರು ಖಾರವಾಗಿರುವುದು ಆ ದೂರದ ದ್ವೀಪಗಳ ನೆಂಟಸ್ತಿಕೆಯಿಂದ!

ಇನ್ನೊಂದು ಮಾತು. ನಮ್ಮ ಚಿನ್ನ ಒಂದೇ ಸಲ ಬರುವಂಥದ್ದು. ತೆಗೆದೆವು, ಮುಗಿಯಿತು. ಉಳಿದದ್ದು ಹುಲ್ಲೂ ಹುಟ್ಟದ ದಿಬ್ಬ. ಅಘನಾಶಿನಿಯ ಬಳಚು, ಸಿಗಡಿ, ಉಪ್ಪು ಹಾಗಲ್ಲ, ಪ್ರತಿ ವರ್ಷ ಮತ್ತೆ ಬರುತ್ತವೆ. ಆದರೆ ಬಿಡುವು ಕೊಟ್ಟರೆ ಮಾತ್ರ. ಅದಕ್ಕೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರಕ್ಕೂ ರಜೆ. ತದಡಿಯಲ್ಲಿ ದೊಡ್ಡ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಒಮ್ಮೆ ಬಂದಿತ್ತು. ಜನರ ವಿರೋಧದಿಂದ ಕೈಬಿಟ್ಟರು. 2024ರಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್‌ಸಾರ್ ಪಟ್ಟಿಗೆ ಸೇರಿಸಿದರು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. “ಮುಗಿದ ಮೇಲೆ ಏನು ಅಂತ ನಮ್ಮನ್ನು ಯಾರೂ ಕೇಳ್ಲಿಲ್ಲ” ಎಂದರು ಗಣಿ ತಾತ. “ಇವ್ರನ್ನಾದ್ರೂ ಮುಂಚೇನೇ ಕೇಳ್ಲಿ.”

ಅಜ್ಜ-ಅಜ್ಜಿಯರಿಗೆ ಕೆಲವು ಸೂಚನೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತ. ಏಪ್ರಿಲ್‌ನಲ್ಲಿ ಹೋದರೆ ಉಪ್ಪಿನ ಕೆಲಸ ನೋಡಬಹುದು, ಆದರೆ ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿರಿ. ಮುರುಗಲು ಹಣ್ಣಿನ ಪಾನಕ ಸಿಗುತ್ತದೆ, ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಕ್ಕಳನ್ನು ಸಮುದ್ರಕ್ಕೆ ಇಳಿಸಲೇಬೇಡಿ.

ಮಕ್ಕಳೇ, ಇದನ್ನು ನೀವು ಚೆನ್ನಾಗಿ ನೆನಪಿಡಬೇಕು. ದಡಕ್ಕೆ ಬಂದ ಅಲೆಯ ನೀರು ಹಿಂದೆ ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಅದೇ ಒಳಗೆ ಎಳೆಯುವ ಸೆಳೆತ. ಗೋಕರ್ಣದ ತೀರಗಳಲ್ಲಿ ಈಜು ಬಲ್ಲವರೂ ಇದರಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಜೀವರಕ್ಷಕರನ್ನು ಕೇಳದೆ ನೀರಿಗೆ ಇಳಿಯಬೇಡಿ, ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಅಕಸ್ಮಾತ್ ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಿ ದಣಿಯಬೇಡಿ. ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಆ ದಾರಿ ಕಿರಿದು, ಬೇಗ ಹೊರಗೆ ಬರುತ್ತೀರಿ. ಪಾಚಿ ಹಿಡಿದ ಬಂಡೆಯ ಮೇಲೆ ಫೋಟೋಗಾಗಿ ನಿಲ್ಲುವುದೂ ಬೇಡ.

ಈ ವಾರದ ಲೆಕ್ಕ ಹೀಗಿದೆ. ಇವತ್ತು ಬೆಳಿಗ್ಗೆ 8:30ಕ್ಕೆ ಇಳಿತ. ದಿನಕ್ಕೆ 50 ನಿಮಿಷ ತಡ. ಒಂದು ವಾರದ ನಂತರ ಇದೇ ಇಳಿತ ಎಷ್ಟು ಹೊತ್ತಿಗೆ? ಎರಡನೆಯ ಪ್ರಶ್ನೆ ಸ್ವಲ್ಪ ಕಷ್ಟದ್ದು. ಹೆಚ್ಚುಕಡಿಮೆ 15 ದಿನ ಕಳೆದರೆ ಮತ್ತೆ ಬೆಳಿಗ್ಗೆ ಎಂಟೂವರೆಯ ಹೊತ್ತಿಗೇ ಒಂದು ಇಳಿತ ಇರುತ್ತದೆ. ಏಕೆ? ದಿನಕ್ಕೆ ಎರಡು ಇಳಿತ ಎಂಬುದನ್ನು ಮರೆಯಬೇಡಿ. ಮನೆಯಲ್ಲಿ ಅಜ್ಜಿಯ ಪಂಚಾಂಗ ಇದ್ದರೆ ಪಕ್ಕದಲ್ಲಿಟ್ಟುಕೊಂಡು ಪಾಡ್ಯದಿಂದ ಎಣಿಸಿ. ಉತ್ತರ ಮುಂದಿನ ವಾರ.